ಬಂಡೆ ಹತ್ತುವುದು ಕ್ರೀಡೆಯಾದದ್ದು ನಿಜಕ್ಕೂ 1886ರಲ್ಲೇ?

ಪ್ರಶ್ನೆ
ರಾಕ್ ಕ್ಲೈಂಬಿಂಗ್ ಕುರಿತ ಬರಹಗಳಲ್ಲಿ ಈ ಕ್ರೀಡೆ 1886ರಲ್ಲಿ, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ನೇಪ್ಸ್ ನೀಡಲ್ ಎಂಬ ಕಲ್ಲಿನ ಕಂಬವನ್ನು ವಾಲ್ಟರ್ ಪ್ಯಾರಿ ಹ್ಯಾಸ್ಕೆಟ್ ಸ್ಮಿತ್ ಅವರು ಒಬ್ಬರೇ ಏರಿದಾಗ ಹುಟ್ಟಿತೆಂದು ಹೇಳಲಾಗುತ್ತದೆ. ಆದರೆ 1492ರಲ್ಲೇ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್‌ನ ಅಪ್ಪಣೆಯಂತೆ ಆಂಟ್ವಾನ್ ದ ವಿಲ್ ಮತ್ತು ಅವನ ಸಂಗಡಿಗರು ಏಣಿ, ಹಗ್ಗಗಳೊಂದಿಗೆ ಮೌಂಟ್ ಎಗ್ವಿಯ ಕಡಿದಾದ ಗೋಡೆಯನ್ನು ಹತ್ತಿದ್ದರಲ್ಲವೇ? ಅದನ್ನು ಬಿಟ್ಟು ಒಂದು ಸಣ್ಣ ಕಂಬಕ್ಕೆ ಇಷ್ಟು ಮಹತ್ವ ಕೊಡಲು ಕಾರಣವೇನೆಂದು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ 1
ಮೌಂಟ್ ಎಗ್ವಿಯನ್ನು ಹತ್ತಿದವರು ರಾಜಾಜ್ಞೆಯನ್ನು ಪಾಲಿಸಿದರು. ಕೋಟೆಗೆ ಲಗ್ಗೆ ಹಾಕುವ ರೀತಿಯೇ ಅವರ ರೀತಿಯಾಗಿತ್ತು. ಲೇಕ್ ಡಿಸ್ಟ್ರಿಕ್ಟ್‌ಗೆ ಕ್ರಿಸ್ಮಸ್, ಈಸ್ಟರ್ ರಜೆಗಳಲ್ಲಿ ಬರುತ್ತಿದ್ದ ಪರ್ವತಾರೋಹಿಗಳಲ್ಲಿಯೂ ಹಲವರಿಗೆ ಅಲ್ಲಿನ ಬಂಡೆಗಳು ಆಲ್ಪ್ಸ್‌ಗಾಗಿ ಮಾಡುವ ಅಭ್ಯಾಸಕ್ಕಷ್ಟೇ ಬೇಕಾಗಿದ್ದವು. ನೇಪ್ಸ್ ನೀಡಲ್ ಹಾಗಲ್ಲ. ಅದು ಗ್ರೇಟ್ ಗೇಬಲ್ ಬೆಟ್ಟದ ಪಕ್ಕೆಯಲ್ಲಿ ಚಾಚಿಕೊಂಡಿರುವ ಕಲ್ಲು. ಅದನ್ನು ಏರಿದವರು ಬೆಟ್ಟದ ತುದಿಯನ್ನು ತಲುಪುವುದಿಲ್ಲ, ಹೊಸ ನೋಟವನ್ನೂ ಕಾಣುವುದಿಲ್ಲ, ಹತ್ತಿದ ದಾರಿಯಲ್ಲೇ ಇಳಿಯಬೇಕು. ನೆತ್ತಿ ಸಮತಟ್ಟಾಗಿದೆಯೇ ಎಂದು ತಿಳಿಯಲು ಹ್ಯಾಸ್ಕೆಟ್ ಸ್ಮಿತ್ ಕೆಳಗಿನಿಂದ ಚಪ್ಪಟೆ ಕಲ್ಲುಗಳನ್ನು ಎಸೆದು, ಒಂದು ಅಲ್ಲೇ ನಿಂತದ್ದನ್ನು ಕಂಡ ಮೇಲೆ ಹಗ್ಗವಿಲ್ಲದೆ ಏರಿ, ಮೇಲೆ ತಮ್ಮ ಕರವಸ್ತ್ರವನ್ನು ಕಲ್ಲಿನಡಿ ಸಿಕ್ಕಿಸಿ ಬಂದರು. ಹತ್ತುವುದನ್ನು ಬಿಟ್ಟರೆ ಬೇರೆ ಉದ್ದೇಶವೇ ಇಲ್ಲದ ಈ ಏರಿಕೆಯನ್ನು ಕ್ರೀಡೆಯೆಂದು ಕರೆಯಲು ನನಗೆ ಅಡ್ಡಿಯಿಲ್ಲ. ಆದರೂ ಅದಕ್ಕೆ ಹೆಸರು ತಂದದ್ದು ಛಾಯಾಚಿತ್ರವೆನ್ನಬೇಕು. ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಅಂಗಡಿಯೊಂದರಲ್ಲಿ ಕಂಬದ ಚಿತ್ರವನ್ನು ಕಂಡ ಓವನ್ ಗ್ಲಿನ್ ಜೋನ್ಸ್ 1891ರಲ್ಲಿ ಅದನ್ನು ಹುಡುಕಿಕೊಂಡು ಹೋದರು. ಮುಂದೆ ಆ ಪ್ರದೇಶದ ಹೆಸರಾಂತ ಕ್ಲೈಂಬರ್ ಆದರು.

ಉತ್ತರ 2
ಇಂಗ್ಲಿಷಿನಲ್ಲಿ ಬರೆದವರು ಇಂಗ್ಲೆಂಡನ್ನು ಮೊದಲಿಗಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ, ಆದರೆ ಜರ್ಮನಿಯ ಸ್ಯಾಕ್ಸನಿಯನ್ನು ಮರೆಯುವಂತಿಲ್ಲ. ಎಲ್ಬ್ ನದಿಯ ದಂಡೆಯ ಮರಳುಗಲ್ಲಿನ ಗೋಪುರಗಳಲ್ಲಿ ಒಂದಾದ ಫಾಲ್ಕನ್‌ಸ್ಟೈನನ್ನು ಬಾಡ್ ಶಾಂಡೌ ಊರಿನ ಜಿಮ್ನಾಸ್ಟಿಕ್ಸ್ ಪಟುಗಳು 1864ರಲ್ಲೇ ಏರಿದ್ದರು. ಅವರು ಕೃತಕ ಸಾಧನಗಳನ್ನು ಬಳಸಿದ್ದು ನಿಜ. ಆದರೆ 1874ರಲ್ಲಿ ಮ್ಯೋಂಕ್‌ಸ್ಟೈನ್ ಗೋಪುರವನ್ನು ಅವುಗಳ ನೆರವಿಲ್ಲದೆ ಹತ್ತಲಾಯಿತು, ಅಂದರೆ ನೇಪ್ಸ್ ನೀಡಲ್‌ಗಿಂತ 12 ವರ್ಷ ಮೊದಲು. ನನ್ನ ಮಟ್ಟಿಗೆ ಕ್ರೀಡೆಯನ್ನು ಕ್ರೀಡೆಯನ್ನಾಗಿಸುವುದು ನಿಯಮ, ಆ ವಿಷಯದಲ್ಲಿ ಸ್ಯಾಕ್ಸನಿಯಷ್ಟು ಬಿಗಿಯಾದ ಜಾಗ ಅಪರೂಪ. ರುಡಾಲ್ಫ್ ಫೇರ್‌ಮನ್ ರೂಪಿಸಿದ ನಿಯಮಗಳ ಪ್ರಕಾರ ಹಗ್ಗವೂ ಬಂಡೆಗೆ ಬಡಿದ ಉಂಗುರವೂ ಇರುವುದು ಹತ್ತುವವರು ಜಾರಿ ಬಿದ್ದರೆ ಅವರನ್ನು ಕಾಪಾಡುವುದಕ್ಕೆ ಮಾತ್ರ. ಅವನ್ನು ಹಿಡಿದು ಮೇಲೇರುವಂತಿಲ್ಲ. ಕಲ್ಲು ಮೆದುವಾದ್ದರಿಂದ ಇಂದಿಗೂ ಅಲ್ಲಿ ಬಿರುಕಿಗೆ ಲೋಹದ ಸಲಕರಣೆಯನ್ನು ಸಿಕ್ಕಿಸದೆ ಗಂಟು ಹಾಕಿದ ಹಗ್ಗವನ್ನು ತುರುಕುತ್ತಾರೆ, ಮಳೆಯಲ್ಲಿ ನೆನೆದ ಬಂಡೆಯನ್ನು ಮುಟ್ಟುವುದಿಲ್ಲ, ಕೈಗೆ ಸೀಮೆಸುಣ್ಣದಂಥ ಪುಡಿಯನ್ನೂ ಹಚ್ಚುವುದಿಲ್ಲ. ನಮ್ಮ ಬಾದಾಮಿಯದೂ ಮರಳುಗಲ್ಲೇ, ಆದರೆ ಅದು ಗಟ್ಟಿಯಾದ್ದರಿಂದ ಅಲ್ಲಿ ಹಗ್ಗ ಸಿಕ್ಕಿಸಲು ಬಂಡೆಗೆ ಬೋಲ್ಟ್ ಹಾಕಿದ ದಾರಿಗಳು ಹಲವಿವೆ.

ಪ್ರಶ್ನೆ ಕೇಳಿದವರಿಂದ
ಇಬ್ಬರಿಗೂ ಧನ್ಯವಾದಗಳು. ನಿಯಮವೇ ಮುಖ್ಯವೆಂದಾದರೆ, ಸೋಲು ಗೆಲುವಿನ ಸ್ಪರ್ಧೆ ಯಾವಾಗ ಬಂತು?

ಉತ್ತರ 3
ಬಹಳ ತಡವಾಗಿ, ಅದೂ ವಿರೋಧದ ನಡುವೆ ಬಂತು. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದಲ್ಲಿ ವೇಗವಾಗಿ ಹತ್ತುವ ಸ್ಪರ್ಧೆಗಳು ನಡೆಯುತ್ತಿದ್ದವು. ಪಶ್ಚಿಮ ಯೂರೋಪಿನಲ್ಲಿ 1985ರಲ್ಲಿ ಇಟಲಿಯ ಬಾರ್ದೊನೆಕ್ಕಿಯಾ ಬಳಿ ನಿಜವಾದ ಬಂಡೆಯ ಮೇಲೆ ಸ್ಪರ್ಧೆ ನಡೆದು, ಸ್ಟೆಫಾನ್ ಗ್ಲೋವಾಟ್ಸ್ ಮತ್ತು ಕ್ಯಾತರಿನ್ ದೆಸ್ತಿವೆಲ್ ಗೆದ್ದರು. ಅದೇ ವರ್ಷ ಫ್ರಾನ್ಸಿನ 19 ಮಂದಿ ಕ್ಲೈಂಬರ್‌ಗಳು ಸ್ಪರ್ಧೆಯೇ ಬೇಡವೆಂದು ಪ್ರಕಟಣೆಗೆ ಸಹಿ ಹಾಕಿದರೂ ಅವರಲ್ಲಿ ಕೆಲವರು ಬಳಿಕ ಸ್ಪರ್ಧೆಗಿಳಿದದ್ದು ಸ್ವಾರಸ್ಯಕರ. ಬಂಡೆಗೆ ಹಾನಿಯಾಗುತ್ತದೆಂಬ ದೂರು ಬಂದ ಮೇಲೆ ಸ್ಪರ್ಧೆಗಳು ಕೃತಕ ಗೋಡೆಗಳಿಗೆ ವರ್ಗವಾದವು. ಒಲಿಂಪಿಕ್ಸ್‌ಗೆ ಈ ಕ್ರೀಡೆ ಕಾಲಿಟ್ಟದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅಲ್ಲಿ ವೇಗದ ಸ್ಪರ್ಧೆಯೂ ಸೇರಿ ಮೂರು ವಿಭಾಗಗಳನ್ನು ಕೂಡಿಸಿ ಒಂದೇ ಪದಕವಿಟ್ಟದ್ದು ಹಲವರಿಗೆ ಹಿಡಿಸಲಿಲ್ಲ. 2024ರ ಪ್ಯಾರಿಸ್ ಕೂಟದಲ್ಲಿ ವೇಗದ ಸ್ಪರ್ಧೆಯನ್ನು ಬೇರ್ಪಡಿಸಿದರು.