ಸಹಾಯ ಬೇಕು: ಅಪ್ಪನ ಅಡುಗೆಗೆ ಒಳ್ಳೆಯ ಗಾಣದ ಎಣ್ಣೆ

ಎಲ್ಲರಿಗೂ ನಮಸ್ಕಾರ ರೀ. ನಾವು ಧಾರವಾಡದವರು. ಅಪ್ಪನಿಗೆ ಕೊಲೆಸ್ಟ್ರಾಲ್ ಜಾಸ್ತಿ ಇದೆ. ಡಾಕ್ಟರು ಮೆಡಿಟರೇನಿಯನ್ ಕಡೆಯ ಊಟ ರೂಢಿಸಿಕೊಳ್ಳಿ ಅಂದರು. ಅಂದರೆ ಕಾಳು, ತರಕಾರಿ, ಬೀಜ, ಮೀನು, ಆಲಿವ್ ಎಣ್ಣೆ. ಸ್ಪೇನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಇದರಿಂದ ಪಾರ್ಶ್ವವಾಯು ಕಡಿಮೆ ಕಂಡಿತ್ತು.

ನಮ್ಮಲ್ಲಿ ಮೀನು ತಿನ್ನಲ್ಲ. ಆದರೆ ಕಾಳುಪಲ್ಯ, ಮೆಂತ್ಯ ಸೊಪ್ಪಿನ ಪಚಡಿ, ಜೋಳದ ರೊಟ್ಟಿ, ಅಗಸಿ ಚಟ್ನಿ ದಿನಾ ಇರುತ್ತವೆ. ಅದಕ್ಕೆ ಹತ್ತಿರವೇ ಅಲ್ವಾ? ಆಲಿವ್ ಎಣ್ಣೆ ಮಾತ್ರ ತುಂಬಾ ದುಬಾರಿ. ಅದರಲ್ಲಿರುವ ಒಲೆಯಿಕ್ ಆಮ್ಲ ಎಂಬ ಒಳ್ಳೆಯ ಕೊಬ್ಬಿನಂಶ ಶೇಂಗಾ ಎಣ್ಣೆಯಲ್ಲೂ ಸಾಕಷ್ಟಿದೆ, ಹಾಗಾಗಿ ನನ್ನ ಒಲವು ಶೇಂಗಾ ಕಡೆಗೆ.

ಹುಬ್ಬಳ್ಳಿ-ಧಾರವಾಡದಲ್ಲಿ ಕಣ್ಣೆದುರೇ ಗಾಣದಲ್ಲಿ ಹಿಂಡಿ ಕೊಡುವವರು ಎಲ್ಲಿದ್ದಾರೆ? ಬದನೆಕಾಯಿ ಎಣ್ಣೆಗಾಯಿಯನ್ನು ಕಡಿಮೆ ಎಣ್ಣೆಯಲ್ಲಿ ಮಾಡುವವರು ವಿಧಾನವನ್ನೂ ತಿಳಿಸಿ. ಅಪ್ಪ ಅದೊಂದನ್ನು ಬಿಡಲು ಒಪ್ಪುತ್ತಿಲ್ಲ.