ಗ್ಯಾಸ್ ಓವನ್ ಬಿಸಿನೇ ಆಗುತ್ತಿಲ್ಲ, ಒಳಗೆ ಗ್ಯಾಸ್ ಹೊತ್ತಿಸುವ ಇಗ್ನೈಟರ್ ಮಾತ್ರ ಕೆಂಪಗಾಗುತ್ತದೆ. ಬೋರ್ಡ್ ಹೋಗಿದೆಯಾ?

ಜೆರ್ಸಿ_ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಸ್ವಂತ ಮನೆ, ಹಳೇ ಮಾಲೀಕರು ಬಿಟ್ಟುಹೋದ ಗ್ಯಾಸ್ ರೇಂಜ್, ಹತ್ತು ವರ್ಷದ ಮೇಲಾಗಿರಬಹುದು. ಮೇಲಿನ ನಾಲ್ಕೂ ಬರ್ನರ್ ಚೆನ್ನಾಗಿ ಉರಿಯುತ್ತವೆ. ಕೆಳಗಿನ ಓವನ್ ಮಾತ್ರ ತಣ್ಣಗೆ ಕೂತಿದೆ.

ನಿಜ ಹೇಳಬೇಕೆಂದರೆ ಇದು ಯಾವಾಗ ಕೆಟ್ಟಿತೋ ನಮಗೇ ಗೊತ್ತಿಲ್ಲ. ನಮ್ಮನೆಯಲ್ಲಿ ಓವನ್ ಅಂದರೆ ಬಾಣಲೆ, ಕಾವಲಿ, ಕುಕ್ಕರ್ ಮುಚ್ಚಳ ತುಂಬಿಡುವ ಬೀರು. ಚಳಿಗಾಲದಲ್ಲಿ ಒಳಗಿನ ಲೈಟ್ ಹಾಕಿ ದೋಸೆ ಹಿಟ್ಟು ಹುದುಗಲು ಇಡುತ್ತೇವೆ, ಅಷ್ಟೇ. ಮೊನ್ನೆ ಮಗಳು ಶಾಲೆಗೆ ಖಾರಾ ಬನ್ ಮಾಡಿಕೊಂಡು ಹೋಗಬೇಕು ಅಂತ ಹಟ ಹಿಡಿದಳು. ಪಾತ್ರೆ ಎಲ್ಲ ಹೊರಗೆ ತೆಗೆದು 375 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟೆವು. ಅರ್ಧ ಗಂಟೆ ಆದರೂ ಒಳಗೆ ಬೆಚ್ಚಗೂ ಇಲ್ಲ. ತಳದ ತಗಡಿನ ತೂತಿನಿಂದ ಇಣುಕಿದರೆ ಕಿತ್ತಳೆ ಬಣ್ಣದ ಬೆಳಕು ಕಾಣುತ್ತದೆ, ಉರಿ ಇಲ್ಲ. ಒಮ್ಮೆ ಮಾತ್ರ ಸ್ವಲ್ಪ ಗ್ಯಾಸ್ ವಾಸನೆ ಬಂದ ಹಾಗಾಯಿತು, ತಕ್ಷಣ ಆಫ್ ಮಾಡಿದೆ.

ರಿಪೇರಿಯವರೊಬ್ಬರು ಬಂದು ಐದು ನಿಮಿಷ ನೋಡಿ, ಕಂಟ್ರೋಲ್ ಬೋರ್ಡ್ ಹೋಗಿದೆ ಎಂದರು. 420 ಡಾಲರ್, ಬಂದು ನೋಡಿದ್ದಕ್ಕೆ 95 ಬೇರೆ. ಮನೆಯವಳು ಹೊಸದೇ ತರೋಣ ಅನ್ನುತ್ತಿದ್ದಾಳೆ. ನನ್ನ ಹತ್ತಿರ ಸ್ಕ್ರೂಡ್ರೈವರ್ ಸೆಟ್, ಮಲ್ಟಿಮೀಟರ್ ಇದೆ, ಧೈರ್ಯ ಸ್ವಲ್ಪ ಕಮ್ಮಿ. ಇದನ್ನು ಮನೆಯಲ್ಲೇ ಮಾಡಬಹುದಾ?

ಡೆಟ್ರಾಯಿಟ್_ಮಂಜ:

ಬೋರ್ಡ್‌ಗೆ ದುಡ್ಡು ಹಾಕಬೇಡಿ ಸರ್. ಇಗ್ನೈಟರ್ ಕೆಂಪಾಗುತ್ತಿದೆ ಅಂದರೆ ಬೋರ್ಡ್ ಅದಕ್ಕೆ ಕರೆಂಟ್ ಕೊಡುತ್ತಿದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ನಿಮ್ಮದು ಬಹುಶಃ ಇಗ್ನೈಟರ್ರೇ.

"ಕೆಂಪಾಗುತ್ತಿದೆಯಲ್ಲ, ಮತ್ತೆ ಅದು ಸರಿ ಇದೆ ಅಲ್ವಾ" ಅಂತ ಎಲ್ಲರೂ ಮೋಸ ಹೋಗುವುದು ಇಲ್ಲೇ, ನಾನೂ ಹೋಗಿದ್ದೇನೆ. ಆ ಇಗ್ನೈಟರ್ ಬರೀ ಬೆಂಕಿಕಡ್ಡಿ ಅಲ್ಲ, ಗ್ಯಾಸ್ ವಾಲ್ವ್‌ಗೆ ಅದೇ ಕಾವಲುಗಾರ. ಇಗ್ನೈಟರ್ ಮತ್ತು ವಾಲ್ವ್ ಎರಡೂ ಒಂದೇ ಸಾಲಿನಲ್ಲಿ ಇರುತ್ತವೆ, ಇದರ ಮೂಲಕ ಹೋದ ಕರೆಂಟೇ ಅದಕ್ಕೂ ಹೋಗಬೇಕು. ವಾಲ್ವ್ ಒಳಗೆ ಎರಡು ಲೋಹ ಸೇರಿಸಿದ ಒಂದು ಪಟ್ಟಿ ಇದೆ, ಸಾಕಷ್ಟು ಕರೆಂಟ್ ಹರಿದರೆ ಅದು ಬಿಸಿಯಾಗಿ ಬಾಗುತ್ತದೆ, ಆಗ ಗ್ಯಾಸ್ ಬಿಡುತ್ತದೆ. ಇಗ್ನೈಟರ್ ಹಳೆಯದಾದಷ್ಟೂ ಅದರ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ, ಕರೆಂಟ್ ಕಮ್ಮಿಯಾಗುತ್ತದೆ. ನೋಡಲು ಕೆಂಪಗಿರುತ್ತದೆ, ವಾಲ್ವ್ ತೆರೆಯುವಷ್ಟು ಶಕ್ತಿ ಇರುವುದಿಲ್ಲ.

ಚಪ್ಪಟೆ ಇಗ್ನೈಟರ್ ಆದರೆ 3.2ರಿಂದ 3.6 ಆಂಪ್ಸ್ ಎಳೆಯಬೇಕು, ದುಂಡಗಿನದಾದರೆ 2.5ರಿಂದ 3. ಎಷ್ಟೋ ವಾಲ್ವ್‌ಗಳ ಮೇಲೆ ಈ ಲೆಕ್ಕ ಅಚ್ಚಾಗಿರುತ್ತದೆ, ನೋಡಿ. ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ ಪ್ರಯೋಜನ ಇಲ್ಲ, ಪೂರ್ತಿ ತುಂಡಾಗಿದ್ದರೆ ಮಾತ್ರ ಗೊತ್ತಾಗುತ್ತದೆ, ಸೊರಗಿದ್ದು ಗೊತ್ತಾಗುವುದಿಲ್ಲ. ವೈರಿನ ಸುತ್ತ ಸಿಕ್ಕಿಸಿ ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್ ಯಾರ ಹತ್ತಿರವಾದರೂ ಕೇಳಿ ತನ್ನಿ. ಪ್ಲಗ್ ತೆಗೆದೇ ಅದನ್ನು ಇಗ್ನೈಟರ್ ವೈರಿಗೆ ಸಿಕ್ಕಿಸಿ. ಒಂದೇ ವೈರಿಗೆ, ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಆಮೇಲೆ ಪ್ಲಗ್ ಹಾಕಿ, ಬೇಕ್ ಒತ್ತಿ, ದೂರ ನಿಂತು ಓದಿ.

ಮೀಟರ್ ಸಿಗದಿದ್ದರೆ ಗಡಿಯಾರ ನೋಡಿ. ಒಳ್ಳೆ ಇಗ್ನೈಟರ್ ಒಂದು, ಒಂದೂವರೆ ನಿಮಿಷದೊಳಗೆ ಹೊತ್ತಿಸುತ್ತದೆ.

ಶಾರದಕ್ಕ_ಚಿಕಾಗೋ:

ಮಂಜ ಹೇಳಿದ್ದು ಸರಿ, ಆದರೆ ಗ್ಯಾಸ್ ವಾಸನೆ ಅಂದಿರಲ್ಲ, ಅದನ್ನು ಹಾಗೇ ದಾಟಿಕೊಂಡು ಹೋಗಬೇಡಿ. ಸೊರಗಿದ ಇಗ್ನೈಟರ್ ಒಮ್ಮೊಮ್ಮೆ ವಾಲ್ವ್ ಅರ್ಧಂಬರ್ಧ ತೆರೆಯುತ್ತದೆ, ಗ್ಯಾಸ್ ಒಳಗೆ ಸೇರಿಕೊಂಡು ತಡವಾಗಿ ಧಗ್ ಅಂತ ಹೊತ್ತುತ್ತದೆ. ನಮ್ಮನೆಯಲ್ಲಿ ಹಾಗೆ ಆಗಿ ಬಾಗಿಲೇ ಅದುರಿತ್ತು. ಸರಿಮಾಡುವ ತನಕ ಓವನ್ ಹಾಕಲೇಬೇಡಿ. ಆಫ್ ಮಾಡಿದ ಮೇಲೂ ವಾಸನೆ ಇದ್ದರೆ ಸ್ವಿಚ್ ಮುಟ್ಟದೆ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಗ್ಯಾಸ್ ಕಂಪನಿಯ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ. ಸುಮ್ನೆ ಹೆದರಿಸುತ್ತಿದ್ದಾಳೆ ಅಂದುಕೊಳ್ಳಬೇಡಿ.

ಬಾಡಿಗೆ ಮನೆಯಲ್ಲಿರುವವರು ಇದನ್ನು ಓದುತ್ತಿದ್ದರೆ, ನೀವು ಸ್ಕ್ರೂ ಮುಟ್ಟಬೇಡಿ, ಮನೆ ಮಾಲೀಕರಿಗೆ ಹೇಳಿ.

ಹುಬ್ಬಳ್ಳಿ_ಡಲ್ಲಾಸ್:

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮದು ಕರೆಂಟ್ ರೇಂಜ್. ಗಡಿಯಾರ ಓಡುತ್ತದೆ, ಲೈಟ್ ಬರುತ್ತದೆ, ಆದರೆ ಓವನ್ನೂ ಇಲ್ಲ, ಮೇಲಿನ ಕಾಯಿಲ್‌ಗಳೂ ಇಲ್ಲ. ಇದಕ್ಕೂ ಇಗ್ನೈಟರ್ ಇರುತ್ತದೇನ್ರೀ?

ಡೆಟ್ರಾಯಿಟ್_ಮಂಜ:

ಇಲ್ಲ ಸರ್, ಅದರ ಕಥೆಯೇ ಬೇರೆ. ನಿಮ್ಮ ರೇಂಜಿಗೆ 240 ವೋಲ್ಟ್ ಬೇಕು, ಅದು 120ರ ಎರಡು ಲೈನ್ ಸೇರಿ ಬರುತ್ತದೆ. ಒಂದು ಲೈನ್ ಹೋದರೂ ಗಡಿಯಾರ, ಲೈಟ್ ನಡೆಯುತ್ತವೆ, ಬಿಸಿ ಮಾತ್ರ ಇಲ್ಲ. ಎಲ್ಲವೂ ಒಟ್ಟಿಗೆ ಹೋಗಿದ್ದರೆ ಮೊದಲು ನೋಡಬೇಕಾದ್ದು ಬ್ರೇಕರ್. ಪ್ಯಾನೆಲ್‌ನಲ್ಲಿ 40 ಅಥವಾ 50 ಅಂತ ಬರೆದ ಜೋಡಿ ಬ್ರೇಕರ್ ಇರುತ್ತದೆ. ನೋಡಲು ಆನ್ ಇದ್ದ ಹಾಗೇ ಇರುತ್ತದೆ, ಆದರೂ ಪೂರ್ತಿ ಆಫ್‌ಗೆ ತಳ್ಳಿ ಮತ್ತೆ ಆನ್ ಮಾಡಿ. ಮತ್ತೆ ಬಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಆ ರೇಂಜಿನ ಹಿಂದಿನ ವೈರ್ ಮುಟ್ಟುವ ಸಾಹಸ ಬೇಡ, 240 ವೋಲ್ಟ್ ತಮಾಷೆ ಅಲ್ಲ.

ಹುಬ್ಬಳ್ಳಿ_ಡಲ್ಲಾಸ್:

ಬ್ರೇಕರ್ರೇ ಆಗಿತ್ತು!! ಎರಡು ವಾರದಿಂದ ಮೈಕ್ರೋವೇವ್‌ನಲ್ಲಿ ಅನ್ನ ಮಾಡಿಕೊಂಡು ತಿನ್ನುತ್ತಿದ್ದೆವು ಮಾರಾಯ್ರೆ.

ಜೆರ್ಸಿ_ತೀರ್ಥಹಳ್ಳಿ:

ಪಕ್ಕದ ಬೀದಿಯ ಆಂಧ್ರದ ಗೆಳೆಯರ ಹತ್ತಿರ ಕ್ಲ್ಯಾಂಪ್ ಮೀಟರ್ ಸಿಕ್ಕಿತು. ಶಾರದಕ್ಕ ಬಯ್ಯಬೇಡಿ, ಕಿಟಕಿ ತೆರೆದು ಎರಡೇ ನಿಮಿಷ ಹಾಕಿ ನೋಡಿದೆ. ಚಪ್ಪಟೆ ಇಗ್ನೈಟರ್, 2.7 ತೋರಿಸಿತು, ಅಲ್ಲಿಂದ ಮೇಲೆ ಏರಲೇ ಇಲ್ಲ. ಹೊಸದು ಹೇಗೆ ಹಾಕುವುದು ಹೇಳಿ.

ಡೆಟ್ರಾಯಿಟ್_ಮಂಜ:

ಸಿಕ್ಕಿಬಿದ್ದ! ಡ್ರಾಯರ್ ಎಳೆದರೆ ಅಥವಾ ಬಾಗಿಲಿನ ಚೌಕಟ್ಟಿನಲ್ಲಿ ಮಾಡೆಲ್ ನಂಬರ್ ಚೀಟಿ ಇರುತ್ತದೆ, ಅದನ್ನೇ ಕೊಟ್ಟು ತರಿಸಿ. ಚಪ್ಪಟೆಯ ಜಾಗಕ್ಕೆ ದುಂಡನೆಯದು ಹಾಕಿದರೆ ವಾಲ್ವ್‌ಗೆ ಹೊಂದುವುದಿಲ್ಲ.

ಮೊದಲು ಪ್ಲಗ್ ತೆಗೆಯಿರಿ, ಹಿಂದಿನ ಗ್ಯಾಸ್ ವಾಲ್ವ್ ಮುಚ್ಚಿ. ಒಳಗಿನ ತಂತಿ ತಟ್ಟೆಗಳು, ತಳದ ತಗಡು ತೆಗೆದರೆ ಉದ್ದಕ್ಕೆ ಬರ್ನರ್ ಕಾಣುತ್ತದೆ, ಇಗ್ನೈಟರ್ ಅದರ ಪಕ್ಕದಲ್ಲೇ ಎರಡು ಸ್ಕ್ರೂಗಳಲ್ಲಿ ನಿಂತಿರುತ್ತದೆ. ಹೆಚ್ಚಿನವು ಕಾಲು ಇಂಚಿನ ಷಡ್ಭುಜ ತಲೆಯವು, ತುಕ್ಕು ಹಿಡಿದಿದ್ದರೆ ಜೋರು ಮಾಡಬೇಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹೋಗಿ ಕಾಫಿ ಕುಡಿದು ಬನ್ನಿ. ಹೊಸ ಇಗ್ನೈಟರಿನ ಬೂದು ಭಾಗ ಮುಟ್ಟಬೇಡಿ, ಒಣ ಹಪ್ಪಳದ ಹಾಗೆ ಮುರಿಯುತ್ತದೆ. ವೈರ್ ಕತ್ತರಿಸಿ ಸೇರಿಸಬೇಕಾಗಿ ಬಂದರೆ ಅದರ ಜೊತೆ ಬರುವ ಪಿಂಗಾಣಿ ಟೋಪಿಗಳನ್ನೇ ಹಾಕಿ, ಪ್ಲಾಸ್ಟಿಕ್ಕಿನವು ಆ ಬಿಸಿಗೆ ಕರಗುತ್ತವೆ, ಟೇಪ್ ಅಂತೂ ಬೇಡವೇ ಬೇಡ.

ಗ್ಯಾಸ್ ಪೈಪಿನ ಯಾವ ಜೋಡಣೆಯನ್ನೂ ಬಿಚ್ಚುವ ಅಗತ್ಯ ಇಲ್ಲ. ಬಿಚ್ಚಬೇಕು ಅನ್ನಿಸಿದರೆ ದಾರಿ ತಪ್ಪಿದ್ದೀರಿ, ನಿಲ್ಲಿಸಿ. ರೇಂಜ್ ಗೋಡೆಗೆ ಒತ್ತುವಾಗ ಹಿಂದಿನ ಕಾಲು ನೆಲದ ಬ್ರ್ಯಾಕೆಟ್ಟಿನ ಒಳಗೆ ಸರಿಯಾಗಿ ಕೂರಲಿ. ತೆರೆದ ಬಾಗಿಲ ಮೇಲೆ ಮಗು ಹತ್ತಿದರೂ ರೇಂಜ್ ಮುಂದಕ್ಕೆ ಮಗುಚದಿರಲಿ ಅಂತಲೇ ಅದನ್ನು ಹಾಕಿರುವುದು.

ಜೆರ್ಸಿ_ತೀರ್ಥಹಳ್ಳಿ:

ಆಯಿತು! 48 ಡಾಲರ್ ಇಗ್ನೈಟರ್, ಒಂದು ಶನಿವಾರ ಮಧ್ಯಾಹ್ನ. ಸ್ಕ್ರೂ ಒಂದು ಕೈಜಾರಿ ಬರ್ನರ್ ಕೆಳಗೆ ಬಿತ್ತು, ಅದನ್ನು ಹುಡುಕಿದ್ದೇ ಮುಕ್ಕಾಲು ಗಂಟೆ, ಕೊನೆಗೆ ಮಗಳು ಫ್ರಿಜ್ಜಿನ ಅಯಸ್ಕಾಂತವನ್ನು ಚಾಪ್‌ಸ್ಟಿಕ್ಕಿಗೆ ಅಂಟಿಸಿ ತೆಗೆದಳು. ಸ್ಕ್ರೂ ಜೊತೆ ಒಂದು ಒಣಗಿದ ಕರಿಬೇವಿನ ಎಲೆಯೂ ಬಂತು, ಅದು ಅಲ್ಲಿಗೆ ಹೇಗೆ ಹೋಯಿತೋ. ಪ್ಲಗ್ ಹಾಕಿ ಬೇಕ್ ಒತ್ತಿದೆ. ಮೀಟರ್ 3.4ಕ್ಕೆ ಏರಿತು, ಇಗ್ನೈಟರ್ ಈ ಸಲ ಕಿತ್ತಳೆ ದಾಟಿ ಹೆಚ್ಚು ಕಮ್ಮಿ ಬೆಳ್ಳಗಾಯಿತು. 40 ಸೆಕೆಂಡಿಗೆ ಬುಸ್ ಅಂತ ಸಣ್ಣ ಸದ್ದು, ಬರ್ನರ್ ಉದ್ದಕ್ಕೂ ನೀಲಿ ಉರಿ ಓಡಿತು. ಮನೆಯವಳು ಬಾಯಿಬಿಟ್ಟು ಏನೂ ಹೇಳಲಿಲ್ಲ, ಹೊಸ ರೇಂಜಿನ ಕ್ಯಾಟಲಾಗ್ ಮಾತ್ರ ಮಡಚಿ ಇಟ್ಟಳು.

ಖಾರಾ ಬನ್ ಮೊದಲ ಟ್ರೇ ತಳ ಸ್ವಲ್ಪ ಹೊತ್ತಿತು, ಎರಡನೆಯದು ಬೇಕರಿಯಲ್ಲಿ ಮಾಡಿದ ಹಾಗೇ ಇತ್ತು, ಸಬ್ಬಸಿಗೆ ಜಾಸ್ತಿ ಹಾಕಿದ್ದೆವು.

ಶಾರದಕ್ಕ_ಚಿಕಾಗೋ:

ಸಂತೋಷ. ಇನ್ನು ಮೇಲೆ ಹಿಟ್ಟು ಒಳಗಿಟ್ಟಾಗ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿ. ನಾನು ಒಮ್ಮೆ ಮರೆತು 400ಕ್ಕೆ ಹಚ್ಚಿ ಪ್ಲಾಸ್ಟಿಕ್ ಡಬ್ಬಿ, ಇಡ್ಲಿ ಹಿಟ್ಟು ಎರಡನ್ನೂ ಒಟ್ಟಿಗೆ ಬೇಯಿಸಿದ್ದೇನೆ.

ಜೆರ್ಸಿ_ತೀರ್ಥಹಳ್ಳಿ:

ಚೀಟಿ ಅಂಟಿಸಿದೆ ಅಕ್ಕ. ಬಾಣಲೆಗಳು ಮಾತ್ರ ಇನ್ನೂ ಡೈನಿಂಗ್ ಟೇಬಲ್ ಮೇಲೆಯೇ ಇವೆ, ಎಲ್ಲಿಡುವುದು ಅಂತ ಮನೆಯಲ್ಲಿ ಮೀಟಿಂಗ್ ನಡೆಯುತ್ತಿದೆ.