ಎರೆಮಣ್ಣಿನ ಸೈಟಿಗೆ ಯಾವ ಪಾಯ? ಮೂವರು ಮೂರು ಹೇಳುತ್ತಿದ್ದಾರೆ, ಸೋಮವಾರ ಕೆಲಸ ಶುರು

ಬಿಳಿಜೋಳ_30×40
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ. ಅಪ್ಪ-ಅಮ್ಮನಿಗೆಂದು ಮನೆ ಕಟ್ಟಿಸುತ್ತಿದ್ದೇನೆ. ನಾಲ್ಕು ಅಡಿ ಅಗೆದು ಸೈಜುಗಲ್ಲಿನ ಪಾಯ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ ಎಂದು ಗೌಂಡಿ ಹೇಳುತ್ತಾರೆ. ಎಂಜಿನಿಯರು ಕೊಟ್ಟ ನಕ್ಷೆಯಲ್ಲಿ ಐದು ಅಡಿ ಆಳದ ಕಾಲಂ-ಫುಟಿಂಗ್ (ಪ್ರತಿ ಕಂಬದ ಬುಡಕ್ಕೆ ಅಗಲವಾದ ಕಾಂಕ್ರೀಟ್ ಪಾದ) ಇದೆ. ಸೋದರಮಾವ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಬಿಟ್ಟು ಬೇರೆ ಮಾತೇ ಬೇಡ ಎನ್ನುತ್ತಾರೆ. ಹೋದ ವರ್ಷ ಕಟ್ಟಿಸಿದ ಕಾಂಪೌಂಡ್ ಗೋಡೆ ಆಗಲೇ ಸೀಳಿದೆ, ಬಿರುಕಿನಲ್ಲಿ ಬೆರಳು ಹೋಗುತ್ತದೆ. ಅದನ್ನು ನೋಡಿದಾಗಿನಿಂದ ನಿದ್ದೆ ಇಲ್ಲ. ಯಾವ ಪಾಯ ಹಾಕಿಸಲಿ? ದಯವಿಟ್ಟು ಒಂದೇ ಮಾತಿನಲ್ಲಿ ಹೇಳಿ.

ಕಾಂಕ್ರೀಟ್_ಕಾಯಕ
ಪೈಲ್. ನಿಮ್ಮ ಸೋದರಮಾವನ ಮಾತು ಸರಿ. ಎರೆಮಣ್ಣೆಂದರೆ ಅಂಡರ್ ರೀಮ್ಡ್ ಪೈಲ್, ಅದರಲ್ಲಿ ಚರ್ಚೆ ಬೇಕಿಲ್ಲ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ರೂಪಿಸಿದ ಪದ್ಧತಿ ಇದು. ಮಳೆ-ಬಿಸಿಲಿಗೆ ಮಣ್ಣು ಉಬ್ಬಿ ಕುಗ್ಗುವುದು ಮೇಲಿನ ಮೂರು, ಮೂರೂವರೆ ಮೀಟರಿನಲ್ಲಿ. ಅದರ ಕೆಳಗೆ ಪೈಲಿನ ಬುಡ ಗಡ್ಡೆಯ ಹಾಗೆ ಹಿಗ್ಗಿರುತ್ತದೆ, ಕಂಬದ ಅಗಲಕ್ಕೆ ಸುಮಾರು ಎರಡೂವರೆ ಪಟ್ಟು. ಮೇಲಿನ ಮಣ್ಣು ಎಷ್ಟು ಎತ್ತಿದರೂ ಆ ಗಡ್ಡೆ ಬಿಟ್ಟುಕೊಡುವುದಿಲ್ಲ. ಭಾರತೀಯ ಮಾನಕ ಐಎಸ್ 2911, ಮೂರನೇ ಭಾಗ ಓದಿಕೊಳ್ಳಿ.

ಮುರಕಲ್ಲು_ಮನೆ
ನಮ್ಮ ಪುತ್ತೂರಿನ ಕಡೆ ಎರಡು ಅಡಿ ಅಗೆದರೆ ಮುರಕಲ್ಲು ಸಿಗುತ್ತದೆ. 2016ರಲ್ಲಿ ಕಟ್ಟಿಸಿದ್ದು, ಕಲ್ಲಿನ ಪಾಯ, ಮೇಲೆ ಆರು ಇಂಚಿನ ಕಾಂಕ್ರೀಟ್ ಬೆಲ್ಟ್, ಅಷ್ಟೇ. ಇವತ್ತಿನವರೆಗೆ ಕೂದಲೆಳೆಯ ಬಿರುಕೂ ಇಲ್ಲ. ಪೈಲಿಗೆ ಸುರಿಯುವ ಹಣದಲ್ಲಿ ನಾನು ಇಡೀ ಅಡುಗೆಮನೆಗೆ ಕಪ್ಪು ಗ್ರಾನೈಟ್ ಹಾಕಿಸಿದೆ.

ಕಾಂಕ್ರೀಟ್_ಕಾಯಕ
ಸರ್, ಮುರಕಲ್ಲಿನ ನೆಲಕ್ಕೂ ಎರೆನೆಲಕ್ಕೂ ಹೋಲಿಕೆ ಮಾಡಬೇಡಿ. ಕೇಳಿದವರು ದಾರಿ ತಪ್ಪುತ್ತಾರೆ.

ನೀಲಾ_ನವಲಗುಂದ
ತಮ್ಮಾ, ನೀನು ಊರನ್ನೇ ಹೇಳಿಲ್ಲ. ಎಷ್ಟು ಮಹಡಿ? ಗರಸು (ಎರೆಯ ಕೆಳಗಿನ ಗಟ್ಟಿ ಜಲ್ಲಿಮಣ್ಣು) ಎಷ್ಟು ಅಡಿಗೆ ಸಿಗುತ್ತದೆ? ಗುಂಡಿ ತೋಡಿ ನೋಡಿದ್ದೀರಾ? ಇನ್ನೂ ಮುಖ್ಯವಾದದ್ದು ಆ ಬಿರುಕು. ಅದು ಮೇಲುಗಡೆ ಅಗಲವಾಗಿದೆಯೋ ಬುಡದಲ್ಲಿ ಅಗಲವಾಗಿದೆಯೋ? ಗೋಡೆಯ ತುದಿ ಮೇಲೆದ್ದರೆ ಬಿರುಕು ಬುಡದಲ್ಲಿ ಬಾಯಿ ಬಿಡುತ್ತದೆ, ತುದಿ ಕುಸಿದರೆ ಮೇಲೆ ಬಿಡುತ್ತದೆ. ಮಳೆಗಾಲಕ್ಕೂ ಬೇಸಗೆಗೂ ಅದು ಹಿಗ್ಗಿ ಕುಗ್ಗುತ್ತದೆಯೇ ಎಂಬುದನ್ನೂ ತಿಳಿಸು.

ಕಾಂಕ್ರೀಟ್_ಕಾಯಕ
ಎರೆಮಣ್ಣಿನಲ್ಲಿ ಬಿರುಕು ಬಿಟ್ಟಿದೆ ಎಂದ ಮೇಲೆ ಉಬ್ಬುವಿಕೆಯೇ ಕಾರಣ. ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಹೀರಿ ಹಿಗ್ಗುತ್ತದೆ. ಮನೆ ಹಗುರವಾದಷ್ಟೂ ತೊಂದರೆ ಹೆಚ್ಚು, ಏಕೆಂದರೆ ಮಣ್ಣಿನ ಒತ್ತಡವನ್ನು ತಡೆದು ಹಿಡಿಯುವಷ್ಟು ಭಾರ ಒಂದು ಮಹಡಿಯ ಮನೆಗೆ ಇರುವುದಿಲ್ಲ. ಕಾಂಪೌಂಡ್ ಗೋಡೆಗಂತೂ ಇಲ್ಲವೇ ಇಲ್ಲ. 12 ಪೈಲ್ ಸಾಕು, ನನ್ನ ಲೆಕ್ಕ.

ಹಳೆಮನೆ_ಹುಬ್ಬಳ್ಳಿ
ಗೌಂಡಿಯ ಮಾತನ್ನು ಅಷ್ಟು ಹಗುರವಾಗಿ ತೆಗೆದುಹಾಕಬೇಡಿ. ನಮ್ಮ ಅಜ್ಜನ ಮನೆ ಎರೆನೆಲದಲ್ಲೇ ಇದೆ, ಎರಡೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಯಾವ ಎಂಜಿನಿಯರೂ ಬಂದಿರಲಿಲ್ಲ.

ಕಾಂಕ್ರೀಟ್_ಕಾಯಕ
ಉಳಿದ ಮನೆಗಳನ್ನು ಮಾತ್ರ ನೀವು ನೋಡುತ್ತಿದ್ದೀರಿ, ಬಿದ್ದವುಗಳ ಲೆಕ್ಕ ಇಟ್ಟವರಿಲ್ಲ. ಮಣ್ಣಿನ ಗೋಡೆ ನೆಲದ ಜೊತೆ ಬಾಗುತ್ತದೆ, ಬಿರುಕು ಬಿಟ್ಟರೆ ವರ್ಷಕ್ಕೊಮ್ಮೆ ಸಾರಿಸಿ ಮುಚ್ಚುತ್ತಿದ್ದರು. ಸಿಮೆಂಟ್ ಗೋಡೆ ಹಾಗೆ ಬಾಗುವುದಿಲ್ಲ.

ಹಳೆಮನೆ_ಹುಬ್ಬಳ್ಳಿ
ಸಾರಿಸಿ ಮುಚ್ಚಿದರೆ ನಿಲ್ಲುವ ಮನೆ ಒಳ್ಳೆಯ ಮನೆಯೇ. ಪ್ರತಿ ಸಲವೂ ಪೈಲ್ ಪೈಲ್ ಎಂದು ಬಡವರನ್ನು ಹೆದರಿಸಬೇಡಿ.

ಡಲ್ಲಾಸ್_ಕನ್ನಡಿಗ
ಇಲ್ಲಿ ಟೆಕ್ಸಾಸ್‌ನಲ್ಲೂ ಇಂಥದೇ ಉಬ್ಬುವ ಜೇಡಿಮಣ್ಣು. ಇಲ್ಲಿಯ ಮನೆಗಳಿಗೆ ಹೆಚ್ಚಾಗಿ ಒಂದೇ ಹಾಸು ಕಾಂಕ್ರೀಟ್, ಒಳಗೆ ಉಕ್ಕಿನ ಕೇಬಲ್ ಎಳೆದು ಬಿಗಿದಿರುತ್ತಾರೆ. ಬೇಸಗೆಯಲ್ಲಿ ಪಾಯದ ಸುತ್ತ ತೂತಿನ ಪೈಪು ಹಾಸಿ ನಿಧಾನವಾಗಿ ನೀರು ಬಿಡುತ್ತೇವೆ, ಮಣ್ಣು ಒಣಗಿ ಕುಗ್ಗದಿರಲೆಂದು. ನಾನು ಅದಕ್ಕೆ ಟೈಮರ್ ಜೋಡಿಸಿದ್ದೇನೆ, ಮೊಬೈಲಿನಿಂದಲೇ ನಡೆಯುತ್ತದೆ.

ನೀಲಾ_ನವಲಗುಂದ
ಕುಡಿಯುವ ನೀರನ್ನು ಕಾಯ್ದು ಹಿಡಿಯುವ ಊರಿನಲ್ಲಿ ಪಾಯಕ್ಕೆ ನೀರುಣಿಸಲು ಆಗುವುದಿಲ್ಲ, ಸರ್. ಆದರೆ ನೀವು ಹೇಳಿದ ತತ್ವ ಸರಿ: ತೇವ ಏರಿಳಿಯಬಾರದು. ನಮ್ಮಲ್ಲಿ ಅದಕ್ಕೆ ಮನೆಯ ಸುತ್ತ ಐದಾರು ಅಡಿ ಅಗಲದ ಇಳಿಜಾರು ಕಾಂಕ್ರೀಟ್ ಹಾಸುತ್ತಾರೆ, ಬಚ್ಚಲ ನೀರನ್ನು ದೂರ ಸಾಗಿಸುತ್ತಾರೆ. ತಮ್ಮಾ, ನನ್ನ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ.

ಬಿಳಿಜೋಳ_30×40
ಕ್ಷಮಿಸಿ ಅಕ್ಕ, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಅಣ್ಣಿಗೇರಿಯ ಹತ್ತಿರದ ಹಳ್ಳಿ. ಸದ್ಯಕ್ಕೆ ಒಂದೇ ಮಹಡಿ, ಮುಂದೆ ಇನ್ನೊಂದು. ಗುಂಡಿ ತೋಡಿಸಿಲ್ಲ. ಬಿರುಕು ಮೇಲುಗಡೆ ಅಗಲ, ಬುಡಕ್ಕೆ ಬರುತ್ತ ದಾರದಂತಾಗಿದೆ. ಈಶಾನ್ಯದ ಮೂಲೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಶುರುವಾದದ್ದು, ಬೇಸಗೆಯಲ್ಲಿ ಮುಚ್ಚಲಿಲ್ಲ, ಇನ್ನೂ ಹಿಗ್ಗಿದೆ.

ನೀಲಾ_ನವಲಗುಂದ
ಹಾಗಿದ್ದರೆ ಆ ಮೂಲೆ ಕುಸಿಯುತ್ತಿದೆ. ಉಳಿದ ಮೂರು ಮೂಲೆಗಳೂ ಅದೇ ಎರೆಮಣ್ಣಿನ ಮೇಲೇ ನಿಂತಿವೆ, ಅವು ಸೀಳಿಲ್ಲ. ಅಲ್ಲಿ ಮೊದಲು ಏನಿತ್ತು? ಬಾವಿ? ತಿಪ್ಪೆಗುಂಡಿ? ಪೈಲಿನ ಮಾತನ್ನು ಎರಡು ದಿನ ಬದಿಗಿಡು. ಜೆಸಿಬಿ ತರಿಸಿ ಮೂರು ಕಡೆ ಪರೀಕ್ಷೆ ಗುಂಡಿ ತೋಡಿಸು. ಎರಡು ಅಳತೆ ಜಾಡಿಗಳಲ್ಲಿ ಹತ್ತತ್ತು ಗ್ರಾಂ ಒಣಮಣ್ಣು ಹಾಕಿ, ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿಸಿ ಒಂದು ದಿನ ಬಿಡು. ಸೀಮೆಎಣ್ಣೆಯಲ್ಲಿ ಎರೆಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ವ್ಯತ್ಯಾಸವನ್ನು ಸೀಮೆಎಣ್ಣೆಯ ಜಾಡಿಯ ಅಳತೆಗೆ ಹೋಲಿಸಿ ಶೇಕಡಾದಲ್ಲಿ ಲೆಕ್ಕ ಹಾಕು. 50 ದಾಟಿದರೆ ಅತಿ ಹೆಚ್ಚು ಉಬ್ಬುವ ಮಣ್ಣು. ಐಎಸ್ 2720ರ 40ನೇ ಭಾಗದಲ್ಲಿ ಈ ಪರೀಕ್ಷೆ ಇದೆ.

ಕಾಂಕ್ರೀಟ್_ಕಾಯಕ
ಪರೀಕ್ಷೆ ಮಾಡಲಿ, ಬೇಡ ಎನ್ನುವುದಿಲ್ಲ. ಫಲಿತಾಂಶ ಪೈಲ್ ಎಂದೇ ಹೇಳುತ್ತದೆ.

ಬಿಳಿಜೋಳ_30×40
ನಾಲ್ಕು ದಿನ ತಡವಾಯಿತು, ಸೋಮವಾರದ ಕೆಲಸ ನಿಲ್ಲಿಸಿದೆ. ತಂಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಮಣ್ಣನ್ನು ಜರಡಿ ಹಿಡಿದು ಪರೀಕ್ಷೆ ಮಾಡಿದಳು. ನೀರಿನ ಜಾಡಿಯಲ್ಲಿ ಮಣ್ಣು 19ರ ಗೆರೆಗೆ ಏರಿತ್ತು, ಸೀಮೆಎಣ್ಣೆಯದರಲ್ಲಿ 11ಕ್ಕೇ ನಿಂತಿತ್ತು. ಅಂದರೆ ಶೇ 73.

ಗುಂಡಿಗಳ ಸುದ್ದಿ: ನೈಋತ್ಯದಲ್ಲಿ ಏಳು ಅಡಿಗೆ ಗರಸು, ಆಗ್ನೇಯದಲ್ಲಿ ಏಳೂವರೆಗೆ. ಈಶಾನ್ಯದಲ್ಲಿ ಐದು ಅಡಿಯವರೆಗೆ ಸಡಿಲ ಮಣ್ಣು, ಬೂದಿ, ಹೆಂಚಿನ ಚೂರು. ಆರನೇ ಅಡಿಗೆ ಜೆಸಿಬಿಯ ಹಲ್ಲಿಗೆ ಜೋಳದ ದಂಟು ಸಿಕ್ಕಿಕೊಂಡು ಬಂತು. ಕೈಯಲ್ಲಿ ಹಿಡಿದರೆ ಹೊಗೆಸೊಪ್ಪಿನಂತೆ ಪುಡಿಯಾಗುತ್ತದೆ, ಹುಳಿತ ಕಾಳಿನ ವಾಸನೆ. ಅಮ್ಮ ದೂರದಿಂದಲೇ ನೋಡಿ, “ಅಯ್ಯೋ, ಅದು ನಮ್ಮ ಹಗೇವು” ಎಂದಳು. ಹಳೆಯ ಮನೆ ಕೆಡವಿದಾಗ ಅದೇ ಮಣ್ಣನ್ನು ಅದರೊಳಕ್ಕೆ ತಳ್ಳಿಸಿದ್ದರಂತೆ. ಹಳೆಯ ಮನೆ ಇದ್ದದ್ದನ್ನು ಇಲ್ಲಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನೀಲಾ_ನವಲಗುಂದ
ಮೊದಲ ಮಾತು: ಯಾರನ್ನೂ ಅದರೊಳಗೆ ಇಳಿಸಬೇಡ. ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಉಸಿರುಗಟ್ಟಿ ಸತ್ತವರಿದ್ದಾರೆ. ಏನಿದ್ದರೂ ಯಂತ್ರದಿಂದಲೇ ಅಗೆಸು.

ಇನ್ನು ಪಾಯ. ಏಳು ಅಡಿಗೆ ಗಟ್ಟಿ ಗರಸು ಇರುವಾಗ ಫುಟಿಂಗನ್ನು ಅದರ ಮೇಲೇ ಕೂರಿಸಬೇಕು. ನಕ್ಷೆಯ ಐದು ಅಡಿ ನಿನ್ನ ಸೈಟಿಗೆ ಸಾಲದು, ಎಂಜಿನಿಯರರಿಗೆ ಈ ಗುಂಡಿಗಳನ್ನು ತೋರಿಸಿ ನಕ್ಷೆ ತಿದ್ದಿಸು. ಗೌಂಡಿಯವರ ನಾಲ್ಕು ಅಡಿಯಂತೂ ಉಬ್ಬುವ ಪದರದ ನಡುವೆಯೇ ನಿಲ್ಲುತ್ತದೆ. ಗೋಡೆಗಳನ್ನು ಹೊರುವ ಪ್ಲಿಂತ್ ಬೀಮ್ ಎರೆಮಣ್ಣಿಗೆ ತಾಗಬಾರದು, ಕೆಳಗೆ ಮೂರು-ನಾಲ್ಕು ಇಂಚು ಖಾಲಿ ಬಿಡಿಸು. ಇಲ್ಲದಿದ್ದರೆ ಮಣ್ಣು ಬೀಮನ್ನೇ ಎತ್ತುತ್ತದೆ. ಒಳಗೆ ತುಂಬಲು ಅಗೆದ ಎರೆಮಣ್ಣನ್ನು ಬಳಸಲೇಬೇಡ. ಮೇಲಿನ ಎರೆಯನ್ನು ತೆಗೆಸಿ ಗರಸು ತುಂಬಿಸಿ, ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿಸು. ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರ ಎರೆಯನ್ನು ಹಿಡಿದಿಡುತ್ತದೆ ಎಂಬುದು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರ ಸಂಶೋಧನೆ.

ಕಾಂಕ್ರೀಟ್_ಕಾಯಕ
ಶೇ 73 ಬಂದ ಮೇಲೂ ಪೈಲ್ ಬೇಡ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಏಳು ಅಡಿ ಆಳದ ಕಾಲಮ್ಮಿನ ಸುತ್ತಲೂ ಎರೆಮಣ್ಣು ಅಂಟಿ ಮೇಲಕ್ಕೆ ಎಳೆಯುತ್ತದೆ. ಅದಕ್ಕೇನು ಮಾಡುತ್ತೀರಿ?

ನೀಲಾ_ನವಲಗುಂದ
ಒಳ್ಳೆಯ ಪ್ರಶ್ನೆ. ಕಾಲಮ್ಮಿನ ಸುತ್ತ ಒಂದಡಿ ಮರಳು-ಗರಸು ತುಂಬಿಸಿದರೆ ಎರೆಯ ಹಿಡಿತ ತಪ್ಪುತ್ತದೆ. ಆ ತುಂಬಿನೊಳಗೆ ಮಳೆನೀರು ಇಳಿಯದ ಹಾಗೆ ಮೇಲೆ ಕಾಂಕ್ರೀಟ್ ಹಾಸು ಬೇಕು. ಗರಸು ಹನ್ನೆರಡು ಅಡಿಗೂ ಸಿಗದಿದ್ದರೆ ನಾನೂ ಪೈಲ್ ಎಂದೇ ಹೇಳುತ್ತಿದ್ದೆ.

ಮುರಕಲ್ಲು_ಮನೆ
ಹಗೇವು ಎಂದರೇನು? ನಮ್ಮ ಕಡೆ ಈ ಪದವೇ ಇಲ್ಲ.

ಹಳೆಮನೆ_ಹುಬ್ಬಳ್ಳಿ
ನೆಲದೊಳಗಿನ ಕಣಜ, ಸರ್. ಬಾಯಿ ಕಿರಿದು, ಹೊಟ್ಟೆ ಅಗಲ. ಸುತ್ತ ದಂಟು-ಹುಲ್ಲು ಹಾಸಿ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮೆತ್ತುತ್ತಿದ್ದರು. ನಮ್ಮ ಅಜ್ಜನದರಲ್ಲಿ ನಲವತ್ತು ಚೀಲ ಹಿಡಿಯುತ್ತಿತ್ತು, ಓಣಿಯಲ್ಲೇ ದೊಡ್ಡದು.

ಬಿಳಿಜೋಳ_30×40
ಇವತ್ತು ಯಂತ್ರದಿಂದ ಸಡಿಲ ಮಣ್ಣನ್ನೆಲ್ಲ ತೆಗೆಸಿದೆ. ಹತ್ತೂವರೆ ಅಡಿಗೆ ಗಟ್ಟಿ ತಳ ಸಿಕ್ಕಿತು. ಅದನ್ನು ಬಡ ಕಾಂಕ್ರೀಟಿನಿಂದ (ಸಿಮೆಂಟ್ ಕಡಿಮೆ ಹಾಕಿದ್ದು) ಫುಟಿಂಗಿನ ಮಟ್ಟದವರೆಗೆ ತುಂಬಿಸಲು ಎಂಜಿನಿಯರು ಒಪ್ಪಿದ್ದಾರೆ, ಉಳಿದ ಕಾಲಂಗಳಿಗೂ ಆಳ ತಿದ್ದಿ ಕೊಟ್ಟಿದ್ದಾರೆ. ಆದರೆ ಹಗೇವಿನ ಹೊಟ್ಟೆ ಪೂರ್ವಕ್ಕೆ ಹಿಗ್ಗಿ ಪಕ್ಕದ ಮನೆಯ ಗೋಡೆಯಡಿಗೆ ಹೋಗಿದೆ, ಕೋಲು ತೂರಿಸಿದರೆ ಮೂರು ಅಡಿ ಒಳಗೆ ಹೋಗುತ್ತದೆ. ಅವರ ಗೋಡೆ ಮಣ್ಣಿನದು, ಆ ಕೋಣೆಯಲ್ಲಿ ವಯಸ್ಸಾದ ಅಜ್ಜಿ ಮಲಗುತ್ತಾರೆ. ಇವತ್ತು ರಾತ್ರಿ ಅವರನ್ನು ನಮ್ಮ ಮನೆಗೇ ಕರೆತಂದಿದ್ದೇವೆ. ಗೋಡೆಗೆ ಆನಿಕೆ ಕೊಟ್ಟು ಕಾಂಕ್ರೀಟ್ ತುಂಬಿಸುವುದೋ, ಮೊದಲು ಆ ಭಾಗಕ್ಕೆ ಕಲ್ಲು ಕಟ್ಟಿಸುವುದೋ? ಮೋಡ ಕವಿದಿದೆ, ಗುಂಡಿಯ ಬಾಯಿಗೆ ತಾಡಪತ್ರಿ ಹೊದಿಸಿದ್ದೇನೆ. ಯಾರಾದರೂ ಇಂಥದನ್ನು ಮಾಡಿಸಿದ್ದರೆ ಈಗಲೇ ಬರೆಯಿರಿ.

ಕಾಂಕ್ರೀಟ್_ಕಾಯಕ
ಮೊದಲು ಆನಿಕೆ. ಗೋಡೆಯ ಉದ್ದಕ್ಕೂ ಕೊಡಿ, ಒಂದೇ ಕಡೆ ಬೇಡ. ಆಮೇಲೆ ಒಂದೇ ಸಲ ಸುರಿಯದೆ ಎರಡಡಿ ಎರಡಡಿಯಂತೆ ತುಂಬಿಸಿ. ನಾನು ಧಾರವಾಡದಲ್ಲಿದ್ದೇನೆ, ಬೆಳಿಗ್ಗೆ ಎಂಟಕ್ಕೆ ಹೊರಡುತ್ತೇನೆ. ಊರಿನ ಹೆಸರು ಖಾಸಗಿಯಾಗಿ ಕಳುಹಿಸಿ.